ಬಿಳಿಗಾರ

ಪಂಚಪ್ಪನಿಗೆ ಬೋರಾನ್ ಎಂದರೆ ಪಂಚಪ್ರಾಣ. ಹೆಬ್ಬಾಳದಾಚೆಯ ಲೇಸರ್ ಪ್ರಯೋಗಾಲಯದಲ್ಲಿ ಉಳಿದವರೆಲ್ಲ ಭಾರ ಹೈಡ್ರೋಜನ್‌ಗಳಾದ ಡ್ಯೂಟೀರಿಯಂ, ಟ್ರಿಟಿಯಂ ಎಂದು ಜಪಿಸುತ್ತಿದ್ದರೆ ಇವನೊಬ್ಬ ಹಟ ಹಿಡಿದು ಬೋರಾನಿನ ಬೆನ್ನು ಹತ್ತಿದ್ದ. ಲೇಸರಿನಿಂದ ಪರಮಾಣುಗಳನ್ನು ಬೆಸೆದು ಕರೆಂಟು ಮಾಡುವುದಾದರೆ, ಆ ಒಲೆಗಿಡುವ ಸೌದೆಯಾದರೂ ಶುದ್ಧವಾಗಿರಬೇಡವೇ? ಟ್ರಿಟಿಯಂ ಬಳಸಿದರೆ ಒಲೆಯ ಗೋಡೆಗೂ ವಿಕಿರಣದ ವಿಷವೇರುತ್ತದೆ. ಹೈಡ್ರೋಜನ್ನಿಗೆ ಬೋರಾನ್ ಬೆಸೆದರೆ ಉಳಿಯುವ ಬೂದಿ ಬಲೂನಿಗೆ ತುಂಬುವ ಹೀಲಿಯಂ, ಅಷ್ಟೆ.

ಮೊಮ್ಮಗಳನ್ನು ಆಡಿಸಲೆಂದು ಗದಗಿನಿಂದ ಮಗನ ಆರ್.ಟಿ. ನಗರದ ಮನೆಗೆ ಬಂದಿದ್ದ ತಾಯಿ ಪಾರವ್ವ ಒಮ್ಮೆ ಕೇಳಿದಳು, "ದಿನಾ ಏನ್ ಸುಡ್ತೀಯೋ ಯಪ್ಪಾ ಅಲ್ಲಿ?"

ಪರಮಾಣುವಿನ ಪಾಠ ಹೇಳುತ್ತ ಕೂರುವ ತಾಳ್ಮೆ ಅವನಿಗೆಲ್ಲಿತ್ತು? ಬೋರಾನ್ ಸಿಗುವುದು ಬಿಳಿಗಾರದಲ್ಲಿ ತಾನೆ? "ಬಿಳಿಗಾರ ಬೇ ಯವ್ವಾ. ಅಕ್ಕಸಾಲಿಗ್ರು ಬಂಗಾರ ಬೆಸಿಯಾಕ ಹಾಕ್ತಾರಲ್ಲ, ಅದ. ಒಂಚೂರೂ ವಿಷ ಇಲ್ಲ."

ಪಾರವ್ವನಿಗೆ ಖುಷಿಯೋ ಖುಷಿ. ಬಿಳಿಗಾರವನ್ನು ಕಾದ ಹಂಚಿನ ಮೇಲೆ ಅರಳಿಸಿ, ಜೇನಿನಲ್ಲಿ ಕಲಸಿ ಎಷ್ಟು ಕೂಸುಗಳ ಬಾಯಿಹುಣ್ಣಿಗೆ ಹಚ್ಚಿದ್ದಳೋ! ಮಗ ಅದರಿಂದಲೇ ಕರೆಂಟು ತೆಗೆಯುತ್ತಾನೆಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥ ನಾಗಲಿಂಗಪ್ಪ ಕರೆಸಿದರು. "ಡ್ಯೂಟೀರಿಯಂ ಹೊತ್ತಿಸೋಕೇ ನಮ್ ಲೇಸರ್‌ಗೆ ತಾಕತ್ತಿಲ್ಲ. ನಿಮ್ ಬೋರಾನ್‌ಗೆ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ ಬೇಕು. ಮುಚ್ಚಿಬಿಡೋಣ ಕಣ್ರೀ."

ಮೇಜು ಖಾಲಿ ಮಾಡುವಾಗ ಒಂದು ಸೀಸೆ ಉಳಿಯಿತು. ಬೋರಾನಿಗೆ ಹೈಡ್ರೋಜನ್ ಕಟ್ಟಿದ ಬಿಳಿ ಹರಳು, ಅವನ ಕನಸಿನ ಇಂಧನ. ಸುಡುವ ಮೊದಲು ಅದು ಕಡುವಿಷ, ಕೈಗವಸಿಲ್ಲದೆ ಯಾರೂ ಮುಟ್ಟುತ್ತಿರಲಿಲ್ಲ. ಗೊತ್ತಿದ್ದೂ, ಎಸೆಯಲು ಮನಸ್ಸಾಗದೆ, ಕದ್ದು ಮನೆಗೆ ತಂದು ಅಡುಗೆಮನೆಯ ಅಟ್ಟದ ಮೇಲಿಟ್ಟ. ಓದಿದವನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! "ಏನೋ ಅದು?" ಎಂದಳು ತಾಯಿ. ಅವನಿಗೆ ಯಾರೊಡನೆಯೂ ಮಾತು ಬೇಡವಾಗಿತ್ತು. "ಅದ, ಬಿಳಿಗಾರ," ಎಂದುಬಿಟ್ಟ.

ಕೆಲವು ದಿನ ಕಳೆದು ಕೂಸಿನ ಬಾಯಲ್ಲಿ ಹುಣ್ಣಾಯಿತು.

ಪಕ್ಕದ ಮನೆಯವರ ಫೋನು ಬಂದು ಪಂಚಪ್ಪ ಆಸ್ಪತ್ರೆಗೆ ಓಡಿದಾಗ ಕೂಸು ಸೆಟೆದು ಸೆಟೆದು ಅದುರುತ್ತಿತ್ತು. ಡಾಕ್ಟರು ಪಾರವ್ವನನ್ನು ಗದರಿಸುತ್ತಿದ್ದರು. "ಏನಜ್ಜಿ ತಿನ್ನಿಸಿದ್ದು?"

"ಬಿಳಿಗಾರ ರೀ. ಅರಳಿಸಾಕಂತ ಹಂಚಿಗೆ ಚೂರು ಹಾಕಿದ್ನಿ, ಅರಳಲಿಲ್ಲ. ಹಸೀದ ಜೇನಿನಾಗ ತೇದು ಹಚ್ಚಿದ್ನಿ."

"ನಿಮ್ ಹಳ್ಳಿ ಮದ್ದಿಗೆ ಬೆಂಕಿ ಹಾಕ!"

ಸೀಸೆ ಕದ್ದದ್ದು ತಿಳಿದರೆ ನೌಕರಿ ಹೋಗುತ್ತದೆ ಎಂಬ ಲೆಕ್ಕ ಆ ಹೊತ್ತಿನಲ್ಲೂ ಪಂಚಪ್ಪನ ತಲೆಗೆ ಬಂತು. ನಾಚಿಕೆಗೇಡು! ಕೂಸು ಮತ್ತೊಮ್ಮೆ ಸೆಟೆಯಿತು. ಆಗ ಬಾಯಿಬಿಟ್ಟ. "ಸಾರ್, ಅದು ಬಿಳಿಗಾರ ಅಲ್ಲ."

ಅವನು ಹೇಳಿದ ಹೆಸರನ್ನು ಡಾಕ್ಟರು ಕೇಳಿಯೇ ಇರಲಿಲ್ಲ. ಆದದ್ದೆಲ್ಲ ಮಾಡಿದರು. ಸಂಜೆಯ ಹೊತ್ತಿಗೆ ಕೂಸು ಅದುರುವುದು ನಿಂತಿತು, ಉಸಿರೂ ನಿಂತಿತು.

ಪಾರವ್ವ ಅಳಲಿಲ್ಲ. ಮಗನ ಮುಖವನ್ನೇ ನೋಡಿದಳು. "ವಿಷ ಇಲ್ಲಂತ ನೀನ ಅಂದಿದ್ದೆಲ್ಲೋ ಯಪ್ಪಾ?"

ಅವನು ಹೇಳಿದ್ದು ಸುಟ್ಟ ಮೇಲೆ ಉಳಿಯುವ ಬೂದಿಯ ಮಾತು. ಪಾರವ್ವ ಜೇನು ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.