ನನ್ನ ಕಾರನ್ನು ಕಂಡವರು

ನಮ್ಮೂರಿನ ಕಾರು ಹುಚ್ಚರದೊಂದು ಗುಂಪಿದೆ, ಫೋನಿನಲ್ಲಿ. ಯಾರಾದರೂ ಮುತುವರ್ಜಿಯಿಂದ ಮಾರ್ಪಡಿಸಿದ ಕಾರು ರಸ್ತೆಯಲ್ಲಿ ಕಣ್ಣಿಗೆ ಬಿದ್ದರೆ ಫೋಟೋ ತೆಗೆದು, ನಂಬರ್ ಮರೆಮಾಡಿ, ‘ಕಂಡೆ’ ಎಂದು ಹಾಕಬೇಕು. ಕಾರಿನವನು ಬಂದು ‘ನಂದೇ’ ಅನ್ನುತ್ತಾನೆ. ಆಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರ ಹಾಗೆ ಹರಟುತ್ತಾರೆ. ಎರಡು ವರ್ಷದಲ್ಲಿ ನಾನು ಎಪ್ಪತ್ತು ಕಾರು ಕಂಡಿದ್ದೆ. ನನ್ನದನ್ನು ಒಬ್ಬನೂ ಕಂಡಿರಲಿಲ್ಲ.

ನನ್ನ ಕಾರೇನು ಕಳಪೆಯಲ್ಲ ಸ್ವಾಮಿ. ಇಪ್ಪತ್ತು ವರ್ಷದ ಪುಟ್ಟ ಗಾಡಿ; ಸ್ಪ್ರಿಂಗ್ ಬದಲಿಸಿ ಎತ್ತರ ತಗ್ಗಿಸಿದ್ದೇನೆ, ಅಗಲದ ಚಕ್ರ ಹಾಕಿದ್ದೇನೆ, ಕಡು ಹಸಿರು ಬಣ್ಣ ನಾನೇ ಹೊಡೆದದ್ದು. ನನ್ನ ಕೆಲಸ ಲಿಫ್ಟ್ ರಿಪೇರಿ. ದಿನವಿಡೀ ಕತ್ತಲಲ್ಲಿ ಗ್ರೀಸು ಮೆತ್ತಿಕೊಂಡು ಒದ್ದಾಡುತ್ತೇನೆ. ಲಿಫ್ಟ್ ಸರಿಹೋಯಿತೋ, ಜನ ನನ್ನನ್ನು ತಳ್ಳಿಕೊಂಡೇ ಒಳಗೆ ನುಗ್ಗುತ್ತಾರೆ. ಭಾನುವಾರ ಅಕ್ಕ ಫೋನ್ ಮಾಡಿ, ನಿನಗಾಗದಿದ್ದರೆ ಆ ಕಾರಿಗಾದರೂ ಒಂದು ಜೋಡಿ ಹುಡುಕುತ್ತೇನೆ ಎಂದು ಚುಡಾಯಿಸಿ ಇಡುತ್ತಾಳೆ. ಆಮೇಲೆ ಸೋಮವಾರದವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಒಬ್ಬನಾದರೂ ‘ಕಂಡೆ’ ಅನ್ನಲಿ, ನಾನು ‘ನಂದೇ’ ಅನ್ನಬೇಕು, ಇಷ್ಟೇ ಆಸೆ.

ಗುಂಪಿನವರು ಓಡಾಡುವ ರಸ್ತೆಗಳಲ್ಲೆಲ್ಲ ಸುತ್ತಿದೆ. ಊಹೂಂ. ಕೊನೆಗೆ ತಲೆಕೆಟ್ಟು, ಇನ್ನೊಂದು ಹೆಸರಿನಲ್ಲಿ ಗುಂಪಿಗೆ ಸೇರಿ, ನನ್ನ ಕಾರಿನ ಫೋಟೋ ನಾನೇ ತೆಗೆದು ಹಾಕಿದೆ. ಐದು ನಿಮಿಷ ಬಿಟ್ಟು, ಸ್ವಂತ ಹೆಸರಿನಲ್ಲಿ ‘ನಂದೇ’ ಎಂದೆ. ನಾಚಿಕೆಗೆಟ್ಟವನು, ನಿಜವಾಗಿಯೂ ಖುಷಿಯಾಯಿತು. ಹನ್ನೊಂದು ಜನ ಮೆಚ್ಚಿಕೊಂಡರು.

ಹನ್ನೆರಡನೆಯವನು ಬೇಕರಿಯವನು, ಗುಂಪಿನ ಹಿರಿಯ. ಬಾಗಿಲನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ ಎಂದು ಬರೆದ. ಬೆಳಗ್ಗೆಯೆಲ್ಲ ಉಜ್ಜಿ ಕನ್ನಡಿ ಮಾಡಿಟ್ಟಿದ್ದ ಬಾಗಿಲಲ್ಲಿ, ಫೋನ್ ಎತ್ತಿ ಹಿಡಿದು, ಕಂಪನಿಯ ಅಂಗಿಯಲ್ಲಿ ನಾನೇ ನಿಂತಿದ್ದೆ. ನನ್ನ ಹೆಸರಿನ ಪಕ್ಕದ ಚಿತ್ರದಲ್ಲೂ ಅದೇ ಅಂಗಿ, ಅದೇ ಮೀಸೆ. ಗುಂಪಿಗೆ ಗುಂಪೇ ಬಿದ್ದು ಬಿದ್ದು ನಕ್ಕಿತು. ನಾನು ಎರಡೂ ಹೆಸರು ಅಳಿಸಿ ಹೊರಬಂದೆ. ಹಾಳಾಗಿ ಹೋಗಲಿ ಅಂದುಕೊಂಡೆ, ಆದರೆ ಆ ರಾತ್ರಿ ಊಟ ಸೇರಲಿಲ್ಲ.

ಒಂಬತ್ತು ದಿನದ ಮೇಲೆ, ಮಟಮಟ ಮಧ್ಯಾಹ್ನ, ಸಿಗ್ನಲ್ಲಿನಲ್ಲಿ ಪಕ್ಕದ ಕೆಂಪು ಕಾರಿನ ಕಿಟಕಿ ಇಳಿಯಿತು. ಹುಡುಗಿಯೊಬ್ಬಳು ಫೋನ್ ಹಿಡಿದಿದ್ದಳು.

‘ಸರ್, ಕಾರು ನಿಮ್ದೇನಾ? ಮೊನ್ನೆಯಷ್ಟೆ ಗುಂಪಿಗೆ ಸೇರಿದೀನಿ. ನಾನು ಕಂಡ ಮೊದಲ್ನೇ ಕಾರು ಇದು.’

ಎರಡು ವರ್ಷದಿಂದ ಕಾದಿಟ್ಟ ಮಾತು ನಾಲಗೆಯ ತುದಿಗೇ ಬಂತು. ಆದರೆ ‘ನಂದೇ’ ಅಂದರೆ, ಫೋಟೋ ಹಾಕಿದ ಕೂಡಲೇ ಗುಂಪಿನವರು ಇವಳಿಗೆ ಬಾಗಿಲಿನ ಕತೆ ಹೇಳುತ್ತಾರೆ, ಆ ಪೆದ್ದ ನಾನೇ ಅಂತ ಇವಳೂ ನಗುತ್ತಾಳೆ. ಅದು ನನ್ನ ಕೈಯಲ್ಲಿ ಆಗದು.

‘ನಂದಲ್ಲಮ್ಮ,’ ಅಂದೆ. ‘ನಮ್ಮ ಸಾಹೇಬರದು. ನಾನು ಡ್ರೈವರ್.’

‘ಹಾಗಾದ್ರೆ ಅವರಿಗೆ ಹೇಳಿ, ಈ ಬಣ್ಣ ಹೊಡೆದ ಕೈಗೆ ನನ್ನದೊಂದು ನಮಸ್ಕಾರ ಅಂತ.’

ಸಿಗ್ನಲ್ ಹಸಿರಾಯಿತು. ಹೇಳ್ತೀನಿ ಅಂದೆ. ಅಷ್ಟರಲ್ಲಿ ಅವಳ ಕಿಟಕಿ ಮುಚ್ಚಿತ್ತು.