ಹೊರಡುವ ದಿನದ ಲೆಕ್ಕ

ಜಾವಾ ದ್ವೀಪದ ಕ್ಲಾತೆನ್ ಊರಿನ ಒಂದು ಓಣಿಯಲ್ಲಿ ಮದುವೆಗಾಗಲಿ, ಬಾವಿ ತೋಡುವುದಕ್ಕಾಗಲಿ, ದೂರದ ಪ್ರಯಾಣಕ್ಕಾಗಲಿ ದಿನ ಎಣಿಸಿಕೊಡುತ್ತಿದ್ದವನು ಮುಕಿರಾನ್. ಓಣಿಗೆಲ್ಲ ಅವನು ಕಾಂಗ್, ಹಿರಿಯಣ್ಣ. ಅಲ್ಲಿನ ಪಂಚಾಂಗ ಹೊರಡುವವನ ಜನ್ಮದಿನಕ್ಕೆ ಕೊಟ್ಟ ಸಂಖ್ಯೆಗೆ ಹೊರಡುವ ದಿನದ ಸಂಖ್ಯೆಯನ್ನು ಕೂಡಿಸಿ, ಐದರಿಂದ ಭಾಗಿಸಿ, ನಾಲ್ಕು ಉಳಿದರೆ ರೋಗವೆಂದೂ ಏನೂ ಉಳಿಯದಿದ್ದರೆ ಸಾವೆಂದೂ ಹೇಳುತ್ತಿದ್ದ. ಆ ಮಾತನ್ನು ಮೀರಿ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಪರ್ದಿಯೊ ಕೂಡ.

ಪರ್ದಿಯೊಗೆ ಅರವತ್ತಾರು. ಸೈಕಲ್ಲಿನಲ್ಲಿ ಜಾವಾದ ಪೂರ್ವದ ತುದಿಗೆ, ಬನ್ಯುವಂಗಿಯ ಕಡಲಿಗೆ ಹೋಗಬೇಕೆಂದು ಅವನೂ ಮುಕಿರಾನನೂ ಮೂವತ್ತು ವರ್ಷ ಮಾತಾಡಿಕೊಂಡಿದ್ದರು. ಈ ವರ್ಷ ರಂಜಾನ್ ಹಬ್ಬದ ಮರುದಿನ ಮುಕಿರಾನ್ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡ. ಇನ್ನು ಅವನು ಪೆಡಲು ತುಳಿಯುವಂತಿರಲಿಲ್ಲ. ಒಬ್ಬನೇ ಹೋಗುತ್ತೇನೆಂದು ಪರ್ದಿಯೊ ಹೊರಡುವ ದಿನವನ್ನು ಕೇಳಿದ. ಎರಡು ಸಲ ಕೇಳಿದ. ಲೆಕ್ಕದಲ್ಲಿ ಒಮ್ಮೆ ರೋಗ ಬಂತು, ಇನ್ನೊಮ್ಮೆ ಸಾವು. ಅಷ್ಟರಲ್ಲಿ ಬೂರುಗದ ಕಾಯಿಗಳೊಡೆದು ಅರಳೆ ಗಾಳಿಯ ಪಾಲಾಗಿತ್ತು. ಮಳೆಗೆ ಹೆಚ್ಚೆಂದರೆ ಒಂದು ತಿಂಗಳು. ಮಳೆ ಹಿಡಿದರೆ ತೇಗದ ಕಾಡಿನ ದಾರಿ ಕೆಸರಾಗುತ್ತದೆ. ಮುಂದಿನ ವರ್ಷಕ್ಕೆ ಮೊಣಕಾಲುಗಳು ಹೇಗಿರುತ್ತವೋ.

ಮೂರನೆಯ ಸಲ ಹೋದಾಗ ಮುಕಿರಾನ್ ಜಗಲಿಯ ಬೆಂಚಿನ ಮೇಲೆ ಕುಳಿತು ತನ್ನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಆರು ತಿಂಗಳಿಂದ ರಸ್ತೆ ಕಾಣದ ಆ ಗಾಲಿಗಳು ಕಲ್ಲಿನಂತೆ ಗಟ್ಟಿಯಾಗಿದ್ದವು.

"ಮತ್ತೆ ಬಂದ್ಯಾ? ಮನೇಲಿ ತಿಂಡಿ ಹಾಕ್ಲಿಲ್ವಾ?"

"ಮುಂದಿನ ಬುಧವಾರ ನೋಡು ಕಾಂಗ್."

ಮುಕಿರಾನ್ ಸ್ಲೇಟು ಎತ್ತಿಕೊಂಡ. "ದಿನದ್ದು ಹದಿನೈದು. ನಿಂದು ಏಳು. ಥೂ, ಇಡೀ ಓಣೀಲಿ ಇಂಥ ಬಡಕಲು ಸಂಖ್ಯೆ ಇನ್ನೊಂದಿಲ್ಲ ಕಣೋ. ನಿಮ್ಮಮ್ಮ ಒಂದು ದಿನ ತಡ್ಕೊಂಡಿದ್ರೆ ಏನು ಗಂಟು ಹೋಗ್ತಿತ್ತು?" ಬಳಪ ಓಡಿತು. "ಒಟ್ಟು ಮೂವತ್ತೈದು. ಐದರಿಂದ ಭಾಗಿಸಿದ್ರೆ ಏನೂ ಉಳಿಯಲ್ಲ. ನಾನೇನು ಮಾಡ್ಲಿ?"

ಹದಿನೈದೂ ಏಳೂ ಇಪ್ಪತ್ತೆರಡು. ಪರ್ದಿಯೊ ಬಗ್ಗಿ ನೋಡಿದ. ಏಳರ ಕೆಳಗೆ, ಅಷ್ಟೇ ಅಚ್ಚುಕಟ್ಟಾಗಿ, ಒಂದು ಹದಿಮೂರು ಇತ್ತು. ಯಾರದೆಂದು ಕೇಳಬೇಕಾಗಿರಲಿಲ್ಲ, ಆ ಪಂಚಾಂಗದಂತೆ ಮೂವತ್ತೈದು ದಿನಕ್ಕೊಮ್ಮೆ ಸುತ್ತಿ ಬರುವ ಆ ಜನ್ಮದಿನದ ಗಂಜಿಯನ್ನು ಬಾಲ್ಯದಿಂದಲೂ ಇದೇ ಜಗಲಿಯಲ್ಲಿ ಉಂಡಿದ್ದ. ಹಿಂದಿನ ಎರಡು ಲೆಕ್ಕಗಳಲ್ಲೂ ಅದು ಇದ್ದಿರಬೇಕು.

"ಕಾಂಗ್, ಇದ್ರಲ್ಲಿ ನಿಂದೂ ಸೇರಿದೆ."

"ಸೇರದೆ ಮತ್ತೆ? ಇಬ್ರು ಹೋಗೋವಾಗ ಇಬ್ರದ್ದೂ..."

ಬೀದಿಯಲ್ಲಿ ಸೋಯಾ ಕಾಳಿನ ತೆಂಪೆ ಮಾರುವವಳು ಕೂಗಿಕೊಂಡು ಹೋದಳು.

ಇರಲಿ, ಮುಂದಿನ ವರ್ಷ ನೋಡೋಣ ಎಂಬ ಮಾತು ಪರ್ದಿಯೊನ ನಾಲಗೆಯ ತುದಿಗೆ ಬಂದಿತ್ತು. ಆಡಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು. ಅವನು ಆಡಲಿಲ್ಲ.

"ಅಳಿಸು ಅಂತ ಬಾಯಿಬಿಟ್ಟು ಹೇಳೋಕೇನೋ ದಾಡಿ ನಿಂಗೆ?" ಎಂದ ಮುಕಿರಾನ್. ಹೆಬ್ಬೆರಳಿಗೆ ಎಂಜಲು ಹಚ್ಚಿ ತನ್ನ ಸಂಖ್ಯೆಯನ್ನು ತಾನೇ ಒರೆಸಿದ. ಅಂಕಿ ಹೋಯಿತು, ಬೂದುಬಣ್ಣದ ಒಂದು ತೇವ ಉಳಿಯಿತು. "ಇಪ್ಪತ್ತೆರಡು. ಉಳಿದದ್ದು ಎರಡು, ಒಳ್ಳೇದು. ಬೆಳಗ್ಗೆ ಆರಕ್ಕೆ ಹೊರಡು. ನಾನು ಮಲಗಿರ್ತೀನಿ, ಗಂಟೆ ಬಾರಿಸಿ ಎಬ್ಬಿಸ್ಬೇಡ."

ಬುಧವಾರ ಆರಕ್ಕೆ ಪರ್ದಿಯೊ ಗಂಟೆ ಬಾರಿಸದೆ ಆ ಮನೆಯನ್ನು ಹಾದುಹೋದ. ಬಾಗಿಲು ಮುಚ್ಚಿತ್ತು, ಕಿಟಕಿ ತೆರೆದಿತ್ತು.

ಹೆದ್ದಾರಿಯಲ್ಲಿ ಬಹಳ ದೂರ ಅವನು ಬಲಗಡೆ ಇನ್ನೊಂದು ಸೈಕಲ್ಲಿನಷ್ಟು ಜಾಗ ಬಿಟ್ಟೇ ತುಳಿದ. ಕಬ್ಬಿನ ಗದ್ದೆಗಳು ಮುಗಿಯುವಲ್ಲಿ, ಸಂತೆಗೆ ಸೊಪ್ಪು ಒಯ್ಯುತ್ತಿದ್ದ ಹೆಂಗಸೊಬ್ಬಳು ತನ್ನ ಸೈಕಲ್ಲನ್ನು ಆ ಜಾಗಕ್ಕೆ ತಂದಳು.

"ಎಲ್ಲಿಗೆ ತಾತ, ಇಷ್ಟೊಂದು ಗಂಟುಮೂಟೆ?"

"ಬನ್ಯುವಂಗಿಗೆ."

"ಅಯ್ಯೋ ದೇವ್ರೇ! ಜೊತೆಗೆ ಯಾರೂ ಇಲ್ವಾ?"

"ಇಲ್ಲಮ್ಮ. ಒಬ್ಬನೇ."

"ಮತ್ತೆ ಅಷ್ಟು ಅಂಚಿಗೆ ಯಾಕೆ ಹೋಗ್ತೀರಿ? ರಸ್ತೆ ಮೇಲೆ ಬನ್ನಿ, ಮುಂದೆ ಗುಂಡಿ ಇದೆ."

ಅವಳು ದಾಟಿ ಹೋದಳು. ಪರ್ದಿಯೊ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿ ರಸ್ತೆಯ ಮೇಲಕ್ಕೆ ಬಂದ.