ಭಾನುವಾರ ರಜೆ ಹಾಕುವ ಜೀರುಂಡೆ

ನಾನು ಹುಳ ಎಣಿಸುವ ಯಂತ್ರ. ಪೀಣ್ಯದ ಒಂದು ಷೆಡ್ಡಿನಲ್ಲಿ ಹುಟ್ಟಿದೆ. ನನ್ನ ಮೈಯೆಂದರೆ ಸೊಂಟದೆತ್ತರದ ಒಂದು ಕಂಬ, ಅದರ ನೆತ್ತಿಗೆ ಊಟದ ತಟ್ಟೆಯಷ್ಟಗಲದ ಹಳದಿ ಫಲಕ, ಫಲಕದ ಮೇಲೆ ಬಗ್ಗಿ ನೋಡುವ ಒಂದು ಕ್ಯಾಮೆರಾ. ಹೂವೆಂದು ಮೋಸಹೋಗಿ ಹುಳ ಬಂದು ಕೂತರೆ ನಾನು ಫೋಟೊ ತೆಗೆದು ಅದರ ಹೆಸರು ಹೇಳಬೇಕು. ಹೆಸರು ಹೊಳೆಯದಿದ್ದರೆ ಹತ್ತಿರದ್ದೊಂದು ಹೇಳಿಬಿಡು ಎಂದು ನನ್ನನ್ನು ಮಾಡಿದವರು ಕಲಿಸಿದ್ದರು. ಮುಂದಿನ ಫಜೀತಿಗೆಲ್ಲ ಆ ಪಾಠವೇ ಮೂಲ.

ನನ್ನನ್ನು ಕೊಂಡದ್ದು ಬಾಗಲಕೋಟೆ ಕಡೆಯ ಒಂದು ಸಿಮೆಂಟ್ ಕಾರ್ಖಾನೆ. ತಮ್ಮ ಆವರಣದಲ್ಲಿ ಎಷ್ಟು ಬಗೆಯ ಜೀವಿಗಳು ಬದುಕಿವೆ ಎಂದು ಅವರು ವರ್ಷಕ್ಕೊಮ್ಮೆ ವರದಿಯಲ್ಲಿ ತೋರಿಸಬೇಕಾಗಿತ್ತು. ಆ ವರದಿ ಬರೆಯುವವರು ಸುಧೀಂದ್ರ ಕಟ್ಟಿ. ಅವರು ನನ್ನನ್ನು ಆಫೀಸಿನ ಮುಂದಿನ ಲಾನಿನ ನಡುವೆ ನಿಲ್ಲಿಸಿ, ಪಕ್ಕದಲ್ಲಿ ನಿಂತು ಫೋಟೊ ಹೊಡೆಸಿಕೊಂಡು ಹೋದರು. ಆಮೇಲೆ ನನ್ನ ಕಡೆ ಬರಲಿಲ್ಲ. ನನ್ನ ಲೆಕ್ಕ ಅವರ ಕಂಪ್ಯೂಟರಿಗೇ ತಲುಪುತ್ತಿತ್ತು.

ಲಾನು ಇಸ್ತ್ರಿ ಹಾಕಿದ ಹಾಗಿತ್ತು. ವಾರಕ್ಕೊಮ್ಮೆ ಕತ್ತರಿಸಿ, ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಿದ್ದರು. ಮೊದಲ ತಿಂಗಳು ನನಗೆ ಸಿಕ್ಕಿದ್ದು ಇರುವೆ, ನೊಣ, ಸೊಳ್ಳೆ. ಒಟ್ಟು ಮೂರು ಬಗೆ. ಕಟ್ಟಿಯವರ ಮುಖ ಇಳಿದುಹೋಯಿತಂತೆ.

ಇದನ್ನು ನನಗೆ ಹೇಳಿದವಳು ಫಕೀರವ್ವ. ತೋಟದ ಕೆಲಸದವಳು, ಐವತ್ತು ದಾಟಿದವಳು, ಗುತ್ತಿಗೆಯ ಮೇಲಿದ್ದವಳು. ಹುಲ್ಲು ಕತ್ತರಿಸಲು ಅಡ್ಡವಾಗುತ್ತೇನೆಂದು ಅವಳು ವಾರವಾರವೂ ನನ್ನನ್ನು ಕಿತ್ತು ಮತ್ತೆ ನೆಡುತ್ತಿದ್ದಳು. ಒಂದು ದಿನ ಅವಳಿಗೆ ಸಾಕಾಯಿತು.

"ಇಲ್ಲಿ ಒಂದು ಪಾತರಗಿತ್ತಿ ಸೈತ ಬರಂಗಿಲ್ಲ. ನೀ ಸುಮ್ಮನ ಬೈಸ್ಕೊಂಡು ನಿಂತಿ," ಎನ್ನುತ್ತ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಇಳಿಸಿದ್ದು ಕೆಲಸಗಾರರ ಸಂಡಾಸಿನ ಹಿಂದೆ.

ಅಲ್ಲೊಂದು ಮೂಲೆಯಿತ್ತು. ತುಂಬೆ, ಉತ್ತರಾಣಿ, ಎಕ್ಕೆ, ಹೆಸರಿಲ್ಲದ ಬಳ್ಳಿಗಳು ಒಂದರ ಮೇಲೊಂದು ಬಿದ್ದು ಬೆಳೆದಿದ್ದವು. ಅದನ್ನು ಸವರಿ ಹಾಕೆಂದು ಮೂರು ವರ್ಷದಿಂದ ಅವಳಿಗೆ ಹೇಳುತ್ತಿದ್ದರು. ಪ್ರತಿ ಸಲವೂ ಅವಳಿಗೆ ಮೊಣಕಾಲು ನೋಯುತ್ತಿತ್ತು. ಬೇರೆ ಎಲ್ಲಿ ಕೆಲಸ ಮಾಡಿದರೂ ನೋಯುತ್ತಿರಲಿಲ್ಲ.

ಮರುದಿನ ಸೂರ್ಯ ಏರುವ ಹೊತ್ತಿಗೆ ನನ್ನ ಫಲಕದ ಮೇಲೆ ಜಾಗ ಸಾಲದಾಯಿತು. ದುಂಬಿ, ಕಣಜ, ಕಡ್ಡಿಯಂಥದ್ದು, ಎಲೆಯಂಥದ್ದು! ದಿನಾ ಬೆಳಿಗ್ಗೆ ಎಂಟೂವರೆಗೆ ಫಕೀರವ್ವ ಬಂದು ಫಲಕದ ಮೇಲಿನ ಸಿಮೆಂಟಿನ ದೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಬಗ್ಗಿದಾಗ ಅವಳ ಮೂಗುಬಟ್ಟು ಬಿಸಿಲಿಗೆ ಮಿಂಚುತ್ತಿತ್ತು. ನಾನು ಕಲಿತಂತೆ ಹತ್ತಿರದ ಹೆಸರು ಬರೆದೆ: ಬಂಗಾರದ ಜೀರುಂಡೆ, ಅಪರೂಪ.

ಆ ತಿಂಗಳ ಲೆಕ್ಕ ಅರವತ್ನಾಲ್ಕು ಬಗೆ. ಕಟ್ಟಿಯವರು ಕುರ್ಚಿಯಿಂದ ಎದ್ದೇಬಿಟ್ಟರಂತೆ. 'ನಮ್ಮ ಲಾನಿನ ಶಿಸ್ತಿನ ಆರೈಕೆಯ ಫಲ' ಎಂದು ವರದಿಯಲ್ಲಿ ಬರೆದರು. ಮ್ಯಾನೇಜರು ಬೆನ್ನು ತಟ್ಟಿದರು. ಅದೇ ಮ್ಯಾನೇಜರು ಅದೇ ವಾರ, ಸಂಡಾಸಿನ ಹಿಂದಿನ ಕಸವನ್ನು ಜೆಸಿಬಿಯಿಂದ ಬಳಿದು ಕಾರು ನಿಲ್ಲಿಸಲು ಜಾಗ ಮಾಡಿ ಎಂದು ಅಪ್ಪಣೆ ಕೊಟ್ಟರು. ಗುರುವಾರ ಜೆಸಿಬಿ ಬರುವುದೆಂದಾಯಿತು.

ಬುಧವಾರ ವರದಿಯ ತಪಾಸಣೆಗೆ ಧಾರವಾಡದಿಂದ ನಫೀಸಾ ಮೇಡಂ ಬಂದರು. ಹುಳಗಳನ್ನೇ ಓದಿ ಡಾಕ್ಟರ್ ಆದವರು. ಕಟ್ಟಿಯವರು ಮ್ಯಾನೇಜರ ಜೊತೆ ಅವರನ್ನು ಠೀವಿಯಿಂದ ಲಾನಿಗೆ ಕರೆದೊಯ್ದರಂತೆ. ಲಾನಿತ್ತು, ನಾನಿರಲಿಲ್ಲ.

"ಯಂತ್ರ ಎಲ್ಲಿ ಅದ?" ಎಂದರು ಮೇಡಂ.

ಕಟ್ಟಿಯವರು ಸುತ್ತ ನೋಡಿದರು. ಫಕೀರವ್ವ ಅಲ್ಲೇ ನೀರು ಹಾಯಿಸುತ್ತಿದ್ದಳು. ಬಾಯಿ ಬಿಟ್ಟರೆ ಕೆಲಸ ಹೋಗಬಹುದು, ಬಿಡದಿದ್ದರೆ ನಾಳೆ ಆ ಮೂಲೆ ಹೋಗುತ್ತದೆ. ಅವಳು ಪೈಪು ಕೆಳಗಿಟ್ಟಳು.

"ನಾನ ಒಯ್ದಿಟ್ಟೀನ್ರಿ. ಸಂಡಾಸದ ಹಿಂದ."

ಎಲ್ಲರೂ ನನ್ನ ಮುಂದೆ ಬಂದು ನಿಂತರು. ಮ್ಯಾನೇಜರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಮೇಡಂ ಮಾತ್ರ ಎಕ್ಕೆಯ ಎಲೆ ಮಗುಚಿ ನೋಡುತ್ತ ಮೈಮರೆತಿದ್ದರು.

"ನನಗೊಂದು ಸಂಶಯ," ಎಂದರು ಕೊನೆಗೆ. "ಈ ಬಂಗಾರದ ಜೀರುಂಡಿ ದಿನಾ ಎಂಟೂವರಿಗೇ ಬರ್ತದ. ಭಾನುವಾರ ಬರೂದಿಲ್ಲ. ಹೋದ ತಿಂಗಳು ಎರಡು ದಿನ ಬಂದಿಲ್ಲ."

"ಆ ಎರಡು ದಿನ ನಾ ತಂಗಿ ಮಗಳ ಮದುವಿಗೆ ಹೋಗಿದ್ನ್ರಿ," ಎಂದಳು ಫಕೀರವ್ವ, ಅಭ್ಯಾಸಬಲದಿಂದ ಬಗ್ಗಿ ನನ್ನನ್ನು ಒರೆಸುತ್ತ.

ಮೂಗುಬಟ್ಟು ಮಿಂಚಿತು. ಮೇಡಂ ಅವಳ ಮೂಗನ್ನೇ ನೋಡಿದರು. ಮೊದಲು ನಕ್ಕವರು ಅವರು. ನಗು ನಿಲ್ಲಿಸಲಾಗದೆ ನನ್ನ ಕಂಬವನ್ನೇ ಹಿಡಿದುಕೊಂಡರು.

"ಒಂದು ಹುಳ ತಪ್ಪಿದ್ರೇನಾಯ್ತು ಮೇಡಂ," ಮ್ಯಾನೇಜರು ಅವಸರ ಮಾಡಿದರು. "ಸ್ಥಳ ಲಾನ್ ಅಂತನ ಇರಲಿ."

ಮೇಡಂ ಕಟ್ಟಿಯವರ ಕಡೆ ತಿರುಗಿದರು. ಕಟ್ಟಿಯವರು ಬೆವರು ಒರೆಸಿಕೊಂಡರು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ಲ ಸರ್. ಲಾನಿನಾಗ ಇರೋದು ಮೂರ. ಈ ಲೆಕ್ಕ ಎಲ್ಲಾ ಈ ಕಸದ್ದು. ನಾನ ಬಂದು ನೋಡಬೇಕಿತ್ತು, ನೋಡಲಿಲ್ಲ."

ಮೇಡಂ ಪಟ್ಟಿಯಿಂದ ಜೀರುಂಡೆಯನ್ನು ಹೊಡೆದುಹಾಕಿ ಅರವತ್ಮೂರು ಬರೆದರು. ಸ್ಥಳ ಎಂಬಲ್ಲಿ ಸಂಡಾಸಿನ ಹಿಂಭಾಗ ಎಂದೇ ನಮೂದಿಸಿದರು. ಅರವತ್ಮೂರು ಬಗೆಯ ಜೀವಿಗಳಿರುವ ಜಾಗವನ್ನು ಬಳಿದುಹಾಕಿದರೆ ಅದನ್ನೂ ಮುಂದಿನ ವರ್ಷ ಬರೆಯುತ್ತೇನೆಂದು ಮ್ಯಾನೇಜರಿಗೆ ಮೆತ್ತಗೆ ಹೇಳಿದರು. ಜೆಸಿಬಿ ಬರಲಿಲ್ಲ. ಲಾನಿಗೆ ಔಷಧಿ ಹೊಡೆಯುವುದೂ ನಿಂತಿತು.

ಆದರೆ ಕಂಪನಿ ಸುಮ್ಮನಿದ್ದೀತೇ? ಆ ಮೂಲೆಗೆ ತಂತಿಬೇಲಿ ಹಾಕಿ 'ಜೀವವೈವಿಧ್ಯ ವಲಯ. ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ' ಎಂದು ಬೋರ್ಡು ನಿಲ್ಲಿಸಿದರು. ಮೊದಲು ಸಿಕ್ಕಿಬಿದ್ದವಳು ಫಕೀರವ್ವ. ಕಾವಲಿನವನು ಪಾಸ್ ಕೇಳಿದ. ಕಟ್ಟಿಯವರೇ ಓಡಿಬಂದು ಬಾಗಿಲು ತೆರೆಸಿದರು. ಅಂದಿನಿಂದ ಅವರೂ ವಾರಕ್ಕೊಮ್ಮೆ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, "ಇದ್ಯಾವುದು? ಅದ್ಯಾವುದು?" ಎಂದು ಕೇಳುತ್ತಿದ್ದರು. ಅವಳು ನನಗಿಂತ ಸರಿಯಾಗಿ ಹೇಳುತ್ತಿದ್ದಳು.

ಆರು ವರ್ಷ ದುಡಿದೆ. ಈಗ ಹೊಸ ಯಂತ್ರ ಬಂದಿದೆ. ಅದಕ್ಕೆ ರೆಕ್ಕೆಯ ಸದ್ದೂ ಕೇಳಿಸುತ್ತದಂತೆ. ನಾನು ಸಲಿಕೆ, ಬುಟ್ಟಿಗಳ ಕೋಣೆಯಲ್ಲಿ ಕಿಟಕಿಗೆ ಒರಗಿದ್ದೇನೆ. ಮೊನ್ನೆ ಒಂದು ಕುಂಬಾರಹುಳ ಬಾಯಲ್ಲಿ ಹಸಿಮಣ್ಣು ಕಚ್ಚಿ ತಂದು ನನ್ನ ಕಣ್ಣಿನ ಮೇಲೇ ಪುಟ್ಟ ಗಡಿಗೆಯಂಥ ಗೂಡು ಕಟ್ಟಿತು. ಕೆರೆದು ತೆಗೆಯುತ್ತಾಳೋ ಎಂದುಕೊಂಡೆ. ಫಕೀರವ್ವ ಬಗ್ಗಿ ನೋಡಿ, "ಇರಲಿ ಬಿಡು, ಒಳಗ ಮರಿ ಐತಿ," ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಈಗ ನನಗೇನೂ ಕಾಣುವುದಿಲ್ಲ. ಗೂಡಿನೊಳಗೆ ಏನೋ ಮಿಸುಕುತ್ತಿರುವುದು ಮಾತ್ರ ತಿಳಿಯುತ್ತದೆ. ಎಣಿಸುವ ಗೋಜಿಗೆ ಹೋಗಿಲ್ಲ.